ಮೂಡಲ ಬಾಗಿಲಿನ ದಾರಿಯೂ ಹುಟ್ಟು ಹಾಕುವ ವಿದ್ಯೆಯೂ

ಕನ್ನಡ ನಾಡಿನ ಚರಿತ್ರೆಯನ್ನು ಸ್ವಲ್ಪವಾದರೂ ಓದಿದವರಿಗೆ ನಂಗಲಿಯ ಹೆಸರು ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನು ಗೆದ್ದ ನಾಡುಗಳನ್ನು ಎಣಿಸುವ ಶಾಸನಗಳು ತಲಕಾಡು, ಕೊಂಗು ಇವುಗಳ ಜೊತೆಯಲ್ಲಿಯೇ ನಂಗಲಿಯನ್ನೂ ಹೇಳುತ್ತವೆ. ಅವನ ರಾಜ್ಯದ ನಾಲ್ಕು ಎಲ್ಲೆಗಳನ್ನು ಗುರುತಿಸುವಾಗ ಮೂಡಣ ಎಲ್ಲೆಯಾಗಿ ನಿಲ್ಲುವುದು ನಂಗಲಿಯ ಘಟ್ಟವೇ. ಅದಕ್ಕೂ ಹಿಂದೆ, ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ, ಚೋಳರ ಕುಲೋತ್ತುಂಗನಿಗೂ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನಿಗೂ ನಡೆದ ಯುದ್ಧವನ್ನು ಹೇಳುವ ತಮಿಳು ಶಾಸನಗಳಲ್ಲಿಯೂ ನಂಗಲಿಯ ಕಲ್ಲುದಾರಿಯ ಮಾತು ಬರುತ್ತದೆ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಆ ಬಾಗಿಲಿನ ಹೊಸ್ತಿಲು ನಂಗಲಿ. ಪಶ್ಚಿಮದ ಎತ್ತರದ ನೆಲದಿಂದ ತಮಿಳು ನಾಡಿಗೆ ಇಳಿಯುವವರೂ ಅಲ್ಲಿಂದ ಇಲ್ಲಿಗೆ ಏರುವವರೂ ಬಹುಕಾಲದಿಂದ ಈ ದಾರಿಯನ್ನೇ ಹಿಡಿದಿದ್ದಾರೆ. ಬೆಂಗಳೂರಿನಿಂದ ಹೊಸಕೋಟೆ, ಕೋಲಾರ, ಮುಳಬಾಗಿಲುಗಳ ಮೇಲೆ ಮದರಾಸಿಗೆ ಹೋಗುವ ಹೆದ್ದಾರಿ ಇಂದಿಗೂ ನಂಗಲಿಯನ್ನು ಹಾದೇ ಗಡಿಯನ್ನು ದಾಟುತ್ತದೆ.

ಇಂಥ ಊರಿನ ಹೆಸರನ್ನು ಹಿಡಿದು ನಾವು ಈಗ ಹೇಳಹೊರಟಿರುವುದು ದೋಣಿಯ ಪಂದ್ಯದ ವಿಷಯ. ಕೋಲಾರದ ಸೀಮೆಗೂ ದೋಣಿಗೂ ಏನು ಸಂಬಂಧವೆಂದು ಕೇಳುಗರಲ್ಲಿ ಕೆಲವರು ನಗಬಹುದು. ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರು ಮಳೆ ಬೀಳುವ ನಾಡು ಅದು. ಪಾಲಾರ್, ಪಿನಾಕಿನಿ ಎಂಬ ಹೆಸರುಗಳು ಅಲ್ಲಿ ಉಂಟು. ಆದರೆ ವರ್ಷವೆಲ್ಲ ಹರಿಯುವ ನೀರು ಅವುಗಳಲ್ಲಿ ಇಲ್ಲ. ಕಾವೇರಿಯ ಅಂಬಿಗನ ಹರಿಗೋಲಾಗಲಿ, ತುಂಗಭದ್ರೆಯ ತೆಪ್ಪವಾಗಲಿ, ಕರಾವಳಿಯ ಮೀನುಗಾರರ ದೋಣಿಯಾಗಲಿ ಇಲ್ಲಿಯ ಜನಕ್ಕೆ ಬಳಕೆಯಲ್ಲ. ಹೀಗಿದ್ದರೂ ಹುಟ್ಟು ಹಾಕುವ ವಿದ್ಯೆಯ ಚರಿತ್ರೆಯನ್ನು ನೋಡಿದರೆ, ಅದು ದೊಡ್ಡ ನದಿಯನ್ನು ನಂಬಿ ಬೆಳೆದದ್ದಲ್ಲವೆಂಬುದು ತಿಳಿಯುತ್ತದೆ. ಎಲ್ಲಿ ಒಂದು ಸಂಸ್ಥೆ ನೀರನ್ನೂ ಹುಡುಗರನ್ನೂ ಒಟ್ಟಿಗೆ ತನ್ನ ವಶಕ್ಕೆ ತೆಗೆದುಕೊಂಡು ನೋಡಿಕೊಂಡಿತೋ ಅಲ್ಲಿ ಅದು ಬೆಳೆಯಿತು. ಎಲ್ಲಿ ಸಂಸ್ಥೆ ಇಲ್ಲವೋ ಅಲ್ಲಿ ಸಮುದ್ರವೇ ಇದ್ದರೂ ಬೆಳೆಯಲಿಲ್ಲ. ಈ ಒಂದು ಮಾತನ್ನು ವಿಶದಪಡಿಸುವುದೇ ನಮ್ಮ ಉದ್ದೇಶ.

ಮೊದಲು ಆ ಆಟದ ಸ್ವರೂಪವನ್ನು ತಿಳಿಯೋಣ. ನಾವು ಹೊಳೆ ದಾಟುವಾಗ ಕಾಣುವ ದೋಣಿಗೂ ಪಂದ್ಯದ ದೋಣಿಗೂ ಹೋಲಿಕೆ ಸ್ವಲ್ಪವೇ. ಎಂಟು ಜನ ಕೂರುವ ಪಂದ್ಯದ ದೋಣಿ ಸುಮಾರು ಅರವತ್ತು ಅಡಿ ಉದ್ದ, ಎರಡು ಅಡಿಯಷ್ಟು ಅಗಲ. ತೂಕ ನೂರು ಕಿಲೋಗ್ರಾಮಿನ ಆಸುಪಾಸು. ಕುಳಿತವರ ಮಣೆಗೆ ಸಣ್ಣ ಗಾಲಿಗಳಿದ್ದು ಅದು ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಹುಟ್ಟು ಹಾಕುವುದು ತೋಳಿನ ಕೆಲಸವೆಂದು ದಡದಲ್ಲಿ ನಿಂತವರು ತಿಳಿಯುತ್ತಾರೆ. ನಿಜವಾಗಿ ಮುಕ್ಕಾಲು ಪಾಲು ಕೆಲಸ ಕಾಲಿನದು ಮತ್ತು ಬೆನ್ನಿನದು. ಮಂಡಿಯನ್ನು ಮಡಿಸಿ ಮುಂದಕ್ಕೆ ಜಾರಿ, ಹುಟ್ಟಿನ ಅಲಗನ್ನು ನೀರಿಗೆ ಇಳಿಸಿ, ಕಾಲಿನಿಂದ ಒದ್ದು ಹಿಂದಕ್ಕೆ ಬಂದು, ಅಲಗನ್ನು ಮೇಲಕ್ಕೆತ್ತಿ ಮತ್ತೆ ಮುಂದಕ್ಕೆ ಜಾರಬೇಕು. ಇದನ್ನು ನಿಮಿಷಕ್ಕೆ ಮೂವತ್ತು ನಲವತ್ತು ಸಲ, ಎಂಟು ಜನರೂ ಒಂದೇ ಕ್ಷಣದಲ್ಲಿ ಮಾಡಬೇಕು. ಒಬ್ಬನ ಅಲಗು ಅರೆಕ್ಷಣ ತಡವಾದರೆ ಉಳಿದ ಏಳು ಜನರ ಬಲ ವ್ಯರ್ಥ. ಹುಟ್ಟು ಹಾಕುವವರೆಲ್ಲ ಗುರಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಮುಂದೆ ನೋಡುವವನು ಚುಕ್ಕಾಣಿಗನೊಬ್ಬನೇ. ಒಲಿಂಪಿಕ್ ಪಂದ್ಯದ ದೂರ ೨,೦೦೦ ಮೀಟರು. ಎಂಟು ಜನರ ದೋಣಿ ಇದನ್ನು ಐದೂವರೆ ನಿಮಿಷದ ಸುಮಾರಿನಲ್ಲಿ ಮುಗಿಸುತ್ತದೆ. ಒಬ್ಬನೇ ಹಾಕುವ ದೋಣಿಗೆ ಏಳು ನಿಮಿಷದ ಸುಮಾರು ಬೇಕು.

ಈ ಆಟ ಮೊದಲು ಹೊಟ್ಟೆಪಾಡಿನದಾಗಿತ್ತು. ಲಂಡನ್ನಿನ ಥೇಮ್ಸ್ ನದಿಯಲ್ಲಿ ಜನರನ್ನು ದಾಟಿಸುತ್ತಿದ್ದ ಅಂಬಿಗರ ಕಸುಬಿನ ಹುಡುಗರಿಗಾಗಿ ೧೭೧೫ರಲ್ಲಿ ಥಾಮಸ್ ಡಾಗೆಟ್ ಎಂಬ ನಟನು ಒಂದು ಪಂದ್ಯವನ್ನು ಏರ್ಪಡಿಸಿದನು. ಗೆದ್ದವನಿಗೆ ಒಂದು ಅಂಗಿ, ಒಂದು ಬಿಲ್ಲೆ. ಆ ಪಂದ್ಯ ಇಂದಿಗೂ ನಡೆಯುತ್ತದೆ. ನೂರು ವರ್ಷ ಕಳೆದ ಮೇಲೆ ಅಂಬಿಗರ ಆಟ ವಿದ್ಯಾರ್ಥಿಗಳ ಕೈಗೆ ಬಂದಿತು. ಹ್ಯಾರೋ ಶಾಲೆಯಲ್ಲಿ ಜೊತೆಯಾಗಿ ಓದಿದ ಇಬ್ಬರು ಗೆಳೆಯರು, ಒಬ್ಬನು ಆಕ್ಸ್‌ಫರ್ಡಿನಲ್ಲಿಯೂ ಇನ್ನೊಬ್ಬನು ಕೇಂಬ್ರಿಜ್ಜಿನಲ್ಲಿಯೂ ಇದ್ದವರು, ತಮ್ಮ ತಮ್ಮ ವಿಶ್ವವಿದ್ಯಾನಿಲಯಗಳ ನಡುವೆ ಸವಾಲು ಹಾಕಿಸಿದರು. ೧೮೨೯ರಲ್ಲಿ ಹೆನ್ಲಿ ಎಂಬ ಊರಿನ ಬಳಿ ಆ ಪಂದ್ಯ ನಡೆಯಿತು. ಅಮೆರಿಕದಲ್ಲಿ ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳು ೧೮೫೨ರಲ್ಲಿ ಒಂದು ಸರೋವರದ ಮೇಲೆ ಎದುರಾದುವು. ಆ ದೇಶದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊಟ್ಟಮೊದಲನೆಯ ಕ್ರೀಡಾಸ್ಪರ್ಧೆಯೇ ಅದು. ಇಂದು ಅಲ್ಲಿಯ ಕಾಲೇಜುಗಳ ಕ್ರೀಡಾಪ್ರಪಂಚದಲ್ಲಿ ಮಿಕ್ಕ ಆಟಗಳ ಅಬ್ಬರವೇ ಹೆಚ್ಚು. ಆದರೆ ಹಿರಿಯಣ್ಣನ ಸ್ಥಾನ ದೋಣಿಯದು.

ಆಟ ಕಾಲೇಜಿಗೆ ಬಂದುದರಿಂದ ಒಂದು ಕೇಡೂ ಆಯಿತು. ಕೈಕೆಲಸ ಮಾಡುವವನ ಮೈಯಲ್ಲಿ ಬಲ ಹೆಚ್ಚು, ಅವನೊಡನೆ ಸಜ್ಜನರು ಸ್ಪರ್ಧಿಸುವುದು ನ್ಯಾಯವಲ್ಲವೆಂಬ ನೆಪದಿಂದ, ಕೂಲಿಗಾರರೂ ಕುಶಲಕರ್ಮಿಗಳೂ ಪಂದ್ಯಕ್ಕೆ ಬರಕೂಡದೆಂದು ಇಂಗ್ಲೆಂಡಿನಲ್ಲಿ ನಿಯಮ ಮಾಡಿದರು. ಯಾರ ಆಟವನ್ನು ಕಲಿತರೋ ಅವರನ್ನೇ ಹೊರಗಿಟ್ಟರು. ಫಿಲಡೆಲ್ಫಿಯದಲ್ಲಿ ಗಾರೆಕೆಲಸ ಮಾಡಿ ಮೇಲೆ ಬಂದ ಜಾನ್ ಕೆಲಿ ಎಂಬವನ ಅರ್ಜಿಯನ್ನು ೧೯೨೦ರಲ್ಲಿ ಹೆನ್ಲಿಯ ಪಂದ್ಯದವರು ತಳ್ಳಿಹಾಕಿದರು. ಅದೇ ವರ್ಷ ಆಂಟ್‌ವರ್ಪಿನ ಒಲಿಂಪಿಕ್ ಕೂಟದಲ್ಲಿ ಅವನು ಚಿನ್ನದ ಪದಕ ಗೆದ್ದನು. ಆ ನಿಯಮ ೧೯೩೭ರಲ್ಲಿ ಹೋಯಿತು. ೧೯೪೭ರಲ್ಲಿ ಅವನ ಮಗನು ಅದೇ ಹೆನ್ಲಿಯಲ್ಲಿ ಗೆದ್ದನು. ೧೯೩೬ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕೂಟದಲ್ಲಿ ಎಂಟು ಜನರ ಪಂದ್ಯವನ್ನು ಗೆದ್ದವರು ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಹುಡುಗರು. ಅವರಲ್ಲಿ ಹಲವರು ಮರ ಕಡಿಯುವವರ, ಬೇಸಾಯಗಾರರ ಮಕ್ಕಳು. ಕಾಲೇಜಿನ ಖರ್ಚಿಗಾಗಿ ಕೆಲಸ ಮಾಡುತ್ತ ಹುಟ್ಟು ಹಾಕಿದವರು. ಬಡವನ ಮಗನನ್ನು ಕಾಲೇಜಿಗೆ ಸೇರಿಸುವ ದಾರಿಯೂ ಈ ಆಟಕ್ಕೆ ಉಂಟೆಂಬುದನ್ನು ಆ ದೋಣಿ ಲೋಕಕ್ಕೆ ತೋರಿಸಿತು.

ಆ ದಾರಿ ಅಮೆರಿಕದಲ್ಲಿ ಈಗ ರಾಜಮಾರ್ಗವೇ ಆಗಿದೆ. ಪ್ರೌಢಶಾಲೆಯಲ್ಲಿ ಹುಟ್ಟು ಹಾಕುವ ಹುಡುಗ ಹುಡುಗಿಯರು ನೆಲದ ಮೇಲಿಟ್ಟ ಯಂತ್ರವೊಂದರಲ್ಲಿ ೨,೦೦೦ ಮೀಟರು ದೂರವನ್ನು ಎಷ್ಟು ಹೊತ್ತಿನಲ್ಲಿ ಎಳೆಯಬಲ್ಲರೆಂಬುದನ್ನು ಕಾಲೇಜಿನ ತರಬೇತುಗಾರರಿಗೆ ಬರೆದು ಕಳುಹಿಸುತ್ತಾರೆ. ಅದರ ಜೊತೆಗೆ ಎತ್ತರ, ತೂಕ, ಪರೀಕ್ಷೆಯ ಅಂಕಗಳು. ತರಬೇತುಗಾರನು ಮೆಚ್ಚಿದರೆ ಕಾಲೇಜಿನ ಬಾಗಿಲು ತೆರೆಯುವುದು ಸುಲಭವಾಗುತ್ತದೆ. ಕೆಲವೆಡೆ ವಿದ್ಯಾರ್ಥಿವೇತನವೂ ದೊರೆಯುತ್ತದೆ. ಹೆಣ್ಣುಮಕ್ಕಳಿಗೆ ಇದರಿಂದ ಆದ ಉಪಕಾರ ವಿಶೇಷ. ವಿದ್ಯಾಸಂಸ್ಥೆಗಳಲ್ಲಿ ಸ್ತ್ರೀಪುರುಷ ಭೇದ ಮಾಡಕೂಡದೆಂದು ೧೯೭೨ರಲ್ಲಿ ಅಲ್ಲಿ ಕಾಯಿದೆಯಾಯಿತು. ಒಂದು ದೋಣಿಗೆ ಬಹು ಜನ ಬೇಕಾದುದರಿಂದ, ಹೆಣ್ಣುಮಕ್ಕಳ ಕ್ರೀಡಾಸಂಖ್ಯೆಯನ್ನು ಹೆಚ್ಚಿಸಲು ಅನೇಕ ಕಾಲೇಜುಗಳು ದೋಣಿಯ ತಂಡಗಳನ್ನು ಕಟ್ಟಿದುವು. ೧೯೯೭ರಿಂದ ಅವರಿಗೆ ರಾಷ್ಟ್ರೀಯ ಕಾಲೇಜು ಪಂದ್ಯವೇ ನಡೆಯುತ್ತ ಬಂದಿದೆ. ಎಂದೂ ದೋಣಿಯನ್ನು ಮುಟ್ಟದೆ ಕಾಲೇಜಿಗೆ ಬಂದ ಹುಡುಗಿ, ಎತ್ತರವೂ ಛಲವೂ ಇದ್ದರೆ, ಅಲ್ಲಿಯೇ ಕಲಿತು ಪಂದ್ಯಕ್ಕೆ ಇಳಿಯುವುದುಂಟು.

ನಮ್ಮ ದೇಶಕ್ಕೆ ಈ ಆಟ ಬಂದುದು ಇಂಗ್ಲಿಷರ ಕ್ಲಬ್ಬುಗಳ ಮೂಲಕ. ಕಲ್ಕತ್ತೆಯಲ್ಲಿ ೧೮೫೮, ಮದರಾಸಿನ ಅಡಯಾರಿನಲ್ಲಿ ೧೮೬೭, ಪುಣೆಯಲ್ಲಿ ೧೮೬೮ ಎಂದು ಕ್ಲಬ್ಬುಗಳು ಒಂದರ ಹಿಂದೆ ಒಂದು ಹುಟ್ಟಿದುವು. ಅವು ದೊರೆಗಳ ಸಂಜೆಯ ವಿನೋದಕ್ಕೆ ಇದ್ದವು. ಹುಡುಗರನ್ನು ಮೇಲೆತ್ತುವುದು ಅವುಗಳ ಕೆಲಸವಾಗಿರಲಿಲ್ಲ. ಕಾಲೇಜೊಂದು ದೋಣಿಯನ್ನು ತನ್ನದೆಂದುಕೊಂಡ ಒಳ್ಳೆಯ ಉದಾಹರಣೆ ಪುಣೆಯ ಎಂಜಿನಿಯರಿಂಗ್ ಕಾಲೇಜಿನದು. ಅಲ್ಲಿಯ ವಿದ್ಯಾರ್ಥಿಗಳು ೧೯೨೮ರಿಂದ ಮುಳಾ ನದಿಯಲ್ಲಿ ರೆಗಟ್ಟಾ ಎಂಬ ದೋಣಿಯ ಉತ್ಸವವನ್ನು ನಡೆಸಿಕೊಂಡು ಬಂದಿದ್ದಾರೆ. ಆದರೆ ಇಂಥ ಕಾಲೇಜುಗಳು ವಿರಳ. ಭಾರತದಲ್ಲಿ ಹುಟ್ಟು ಹಾಕುವ ವಿದ್ಯೆಯನ್ನು ಸಾಕಿ ಬೆಳೆಸಿದ ತಾಯಿಮನೆ ಕಾಲೇಜಲ್ಲ, ಸೇನೆ. ಇಲ್ಲಿಯೇ ನಂಗಲಿಯ ದಾರಿ ನಮ್ಮ ಕಥೆಯೊಳಕ್ಕೆ ಬರುತ್ತದೆ.

೧೭೮೦ರಲ್ಲಿ ಜೋಸೆಫ್ ಮೂರ್‌ಹೌಸ್ ಎಂಬ ಅಧಿಕಾರಿಯು ಮದರಾಸಿನಲ್ಲಿ ಪಯೋನಿಯರ್ ಎಂಬ ಪಡೆಯ ಎರಡು ಕಂಪೆನಿಗಳನ್ನು ಕಟ್ಟಿದನು. ಸೈನ್ಯದ ಮುಂದೆ ನಡೆದು ದಾರಿ ಕಡಿಯುವುದು, ಹೊಳೆಗೆ ಸೇತುವೆ ಹಾಕುವುದು, ಕೋಟೆಗೆ ಸುರಂಗ ತೋಡುವುದು ಆ ಜನರ ಕೆಲಸ. ೧೭೯೧ರಲ್ಲಿ ಕಾರ್ನ್‌ವಾಲಿಸನು ಟೀಪು ಸುಲ್ತಾನನ ಮೇಲೆ ದಂಡೆತ್ತಿ ಬಂದಾಗ, ಆಂಬೂರಿನ ಕಡೆಯಿಂದ ಬರುವಂತೆ ತೋರಿಸಿ, ಚಿತ್ತೂರಿನ ಕಡೆಗೆ ತಿರುಗಿ, ಮುಗಳಿಯ ಘಟ್ಟವನ್ನು ಹತ್ತಿ, ಪಾಳಮನೇರಿನಿಂದ ಮುಳಬಾಗಿಲು, ಕೋಲಾರ, ಹೊಸಕೋಟೆಗಳ ಮೇಲೆ ಬೆಂಗಳೂರನ್ನು ಮುಟ್ಟಿದನು. ಹೊಯ್ಸಳರ ಮೂಡಣ ಎಲ್ಲೆಯ ಹಾದಿಯೇ ಇದು. ಮಾರ್ಚ್ ೭ರಂದು ಬೆಂಗಳೂರು ಪೇಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಮೂರ್‌ಹೌಸನು ಬಿದ್ದನು. ಅವನು ಕಟ್ಟಿದ ಪಡೆ ಮಾತ್ರ ಉಳಿಯಿತು. ೧೮೩೪ರಲ್ಲಿ ಅದರ ಕೇಂದ್ರ ಬೆಂಗಳೂರಿಗೆ ಬಂದಿತು. ದಂಡಿನಲ್ಲಿ ಹಲಸೂರು ಕೆರೆಯ ಮಗ್ಗುಲಲ್ಲಿ ನೆಲೆಯೂರಿತು. ಮದರಾಸ್ ಸ್ಯಾಪರ್ಸ್ ಎಂದೂ ಮದರಾಸ್ ಎಂಜಿನಿಯರ್ ಗ್ರೂಪ್ ಎಂದೂ ಹೆಸರಾದುದು ಇದೇ. ಹೆಸರಿನಲ್ಲಿ ಮದರಾಸಿದ್ದರೂ ಅದರಲ್ಲಿ ತಮಿಳರು, ತೆಲುಗರು, ಮಲೆಯಾಳಿಗಳು, ಕನ್ನಡಿಗರು ಎಲ್ಲರೂ ಇದ್ದಾರೆ.

ಸೇತುವೆ ಹಾಕುವ ಸಿಪಾಯಿಗೆ ನೀರು ಅಂಗಳವಿದ್ದಂತೆ. ಈಜುವುದು, ದೋಣಿ ನಡೆಸುವುದು, ತೇಲುವ ಸೇತುವೆಯನ್ನು ಜೋಡಿಸುವುದು ಅವನ ಕಸುಬಿನ ಅಕ್ಷರಾಭ್ಯಾಸ. ಈ ಕಾರಣದಿಂದಲೇ ಭಾರತದ ಸೇನೆಯಲ್ಲಿ ಎಂಜಿನಿಯರ್ ಪಡೆಗಳು ದೋಣಿಯ ಪಂದ್ಯದಲ್ಲಿ ಮುಂದಾದುವು. ಪುಣೆಯ ಸೇನಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೇನೆಯ ಮುಖ್ಯ ತರಬೇತಿಯ ನೆಲೆ ಇದೆ. ಬೆಂಗಳೂರಿನಲ್ಲಿ ಹಲಸೂರು ಕೆರೆಯ ಮೇಲೆ ಸ್ಯಾಪರುಗಳು ಹುಟ್ಟು ಹಾಕುತ್ತ ಬಂದಿದ್ದಾರೆ. ಹಲಸೂರಿನ ಕೆರೆ ಸುಮಾರು ೫೦ ಹೆಕ್ಟೇರು ವಿಸ್ತಾರದ್ದು. ಅದರಲ್ಲಿ ೨,೦೦೦ ಮೀಟರಿನ ನೇರವಾದ ಓಟಕ್ಕೆ ಎಡೆಯಿಲ್ಲ. ನಡುವೆ ದ್ವೀಪಗಳಿವೆ, ಊರ ಕೊಳಕು ನುಗ್ಗಿದ ವರ್ಷಗಳೂ ಉಂಟು. ಇಷ್ಟು ಕುಂದುಗಳಿದ್ದರೂ ಅಲ್ಲಿ ವಿದ್ಯೆ ನಿಂತಿತು. ನೀರು ಉತ್ತಮವಾಗಿದ್ದುದರಿಂದಲ್ಲ, ಬೆಳಗಾಗುತ್ತಲೇ ಹುಡುಗರನ್ನು ಎಬ್ಬಿಸಿ ದೋಣಿಯನ್ನು ಹೊರಿಸುವ ಒಂದು ಸಂಸ್ಥೆ ದಡದ ಮೇಲೆ ಇದ್ದುದರಿಂದ.

ಸೇನೆಯ ಈ ದಾರಿ ಎಂಥವರನ್ನು ಎಲ್ಲಿಗೆ ಕೊಂಡೊಯ್ದಿತೆಂಬುದಕ್ಕೆ ಮಹಾರಾಷ್ಟ್ರದ ದತ್ತು ಭೋಕನಾಳನ ಕಥೆ ಸಾಕು. ನಾಸಿಕ ಜಿಲ್ಲೆಯ ಚಾಂದವಡ ತಾಲ್ಲೂಕಿನ ತಳೆಗಾಂವ್ ರೋಹಿ ಎಂಬುದು ಅವನ ಊರು. ಅದು ನಮ್ಮ ಕೋಲಾರದಂತೆಯೇ ಬರದ ಸೀಮೆ. ಬಾವಿ ತೋಡುವ ಕೂಲಿಯಲ್ಲಿ ತಂದೆಯ ಜೊತೆ ದುಡಿದು ಬೆಳೆದ ಹುಡುಗನು ೨೦೧೨ರಲ್ಲಿ ಸೇನೆಯ ಬೊಂಬಾಯಿ ಎಂಜಿನಿಯರ್ ಪಡೆಯನ್ನು ಸೇರಿದನು. ಅಲ್ಲಿಗೆ ಬರುವವರೆಗೆ ಅವನು ದೋಣಿಯನ್ನು ಕೈಯಲ್ಲಿ ಮುಟ್ಟಿದವನಲ್ಲ. ನೀರೆಂದರೆ ಅಂಜಿಕೆ ಬೇರೆ. ನಾಲ್ಕೇ ವರ್ಷಗಳಲ್ಲಿ, ೨೦೧೬ರ ರಿಯೋ ಒಲಿಂಪಿಕ್ ಕೂಟದಲ್ಲಿ, ಒಬ್ಬನೇ ಹಾಕುವ ದೋಣಿಯ ಪಂದ್ಯದಲ್ಲಿ ಅವನು ಲೋಕಕ್ಕೆ ಹದಿಮೂರನೆಯವನಾದನು. ೨೦೧೮ರ ಏಷ್ಯನ್ ಕ್ರೀಡೆಗಳಲ್ಲಿ ಸವರ್ಣ ಸಿಂಗ್, ಓಂ ಪ್ರಕಾಶ್, ಸುಖಮೀತ್ ಸಿಂಗ್ ಇವರ ಜೊತೆಯಲ್ಲಿ ಚಿನ್ನವನ್ನು ಗೆದ್ದನು. ಅದಕ್ಕೂ ಮುಂಚೆ, ೨೦೧೦ರಲ್ಲಿ, ಏಷ್ಯನ್ ಕ್ರೀಡೆಗಳ ದೋಣಿಯ ಪಂದ್ಯದಲ್ಲಿ ಭಾರತಕ್ಕೆ ಮೊದಲನೆಯ ಚಿನ್ನವನ್ನು ತಂದ ಬಜರಂಗ ಲಾಲ್ ತಾಖರನೂ ಸಿಪಾಯಿಯೇ. ಅವನೂ ಮರಳುನಾಡಾದ ರಾಜಸ್ಥಾನದವನು. ನೀರಿಲ್ಲದ ನಾಡಿನವರು ಈ ವಿದ್ಯೆಗೆ ಹೊರಗಿನವರೆಂಬ ಮಾತನ್ನು ಇವರಿಬ್ಬರೂ ಸುಳ್ಳು ಮಾಡಿದ್ದಾರೆ.

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಭಾರತದಲ್ಲಿ ದೋಣಿಯ ಪಂದ್ಯಗಳು ನಡೆಯುವ ಹೆಸರಾದ ತಾಣಗಳಲ್ಲಿ ಹಲವು ದೇವರು ಕೊಟ್ಟ ಸರೋವರಗಳಲ್ಲ, ಮನುಷ್ಯರು ಕಟ್ಟಿದ ಕೆರೆಗಳು. ಭೋಪಾಲದ ದೊಡ್ಡ ಕೆರೆ ಹನ್ನೊಂದನೆಯ ಶತಮಾನದ ಭೋಜರಾಜನು ಕಟ್ಟಿಸಿದ್ದೆಂದು ಪ್ರತೀತಿ. ಅದರ ದಡದಲ್ಲಿ ಮಧ್ಯಪ್ರದೇಶ ಸರ್ಕಾರದ ಜಲಕ್ರೀಡೆಗಳ ಶಾಲೆಯಿದೆ. ಹೈದರಾಬಾದಿನ ಹುಸೇನ್ ಸಾಗರ ಹದಿನಾರನೆಯ ಶತಮಾನದ ಕುತುಬ್ ಷಾಹಿಗಳ ಕೆರೆ. ಹಲಸೂರಿನ ಕೆರೆ ಕೆಂಪೇಗೌಡನ ವಂಶದವರ ಕಾಲದ್ದೆಂದು ಹೇಳಿಕೆ. ಹೀಗಿರುವಲ್ಲಿ, ಕೆರೆ ಕಟ್ಟುವುದರಲ್ಲಿ ಕೋಲಾರದ ಸೀಮೆಗೆ ಸರಿಗಟ್ಟುವ ನಾಡು ಯಾವುದು? ಹಳ್ಳಕ್ಕೊಂದು ಏರಿ, ಏರಿಗೊಂದು ತೂಬು, ತೂಬಿಗೊಬ್ಬ ನೀರಗಂಟಿ ಎಂದು ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಬೀಳುವಂತೆ ಸಾವಿರಾರು ಕೆರೆಗಳನ್ನು ಸರಪಣಿಯಾಗಿ ಕೋದ ಜನ ಅವರು. ಬೇತಮಂಗಲದ ದೊಡ್ಡ ಕೆರೆ ಒಡೆದಾಗ ಅದನ್ನು ಮತ್ತೆ ಕಟ್ಟಿಸಿದವರ ವಿಷಯವನ್ನು ಶಾಸನಗಳು ಹೇಳುತ್ತವೆ. ರಾಜ್ಯ ನೊಳಂಬರಿಂದ ಚೋಳರಿಗೆ, ಚೋಳರಿಂದ ಹೊಯ್ಸಳರಿಗೆ ಹೋಯಿತು. ಕೆರೆಯನ್ನು ಕಾಯುವ ಕೆಲಸ ಮಾತ್ರ ನಿಲ್ಲಲಿಲ್ಲ.

ಮೈಯ ಬಲದ ಮಾತಿಗೆ ಬಂದರೂ ಇಲ್ಲಿಯ ಒಕ್ಕಲ ಮಕ್ಕಳು ಹಿಂದೆಬೀಳುವವರಲ್ಲ. ಪಂಪು ಬರುವುದಕ್ಕೆ ಮುಂಚೆ ಕೋಲಾರದ ತೋಟಗಳಿಗೆ ನೀರೆತ್ತಿದ್ದು ಏತ ಮತ್ತು ಕಪಿಲೆಗಳಿಂದ. ಏತದ ಮರದ ಮೇಲೆ ಒಬ್ಬನು ಹಿಂದಕ್ಕೂ ಮುಂದಕ್ಕೂ ನಡೆದರೆ ಕೆಳಗೆ ಒಬ್ಬನು ಸಾಲನ್ನು ಇಳಿಸಿ ಸುರಿಯುವನು. ಇಬ್ಬರ ಕೈಕಾಲೂ ಒಂದೇ ತಾಳಕ್ಕೆ ಬಿದ್ದರೆ ಮಾತ್ರ ನೀರು ಬರುವುದು. ಅದಕ್ಕಾಗಿಯೇ ಏತದ ಹಾಡುಗಳು ಹುಟ್ಟಿದುವು. ದೋಣಿಯಲ್ಲಿ ಬೇಕಾದುದೂ ಇದೇ: ಕಾಲಿನ ಬಲ, ಬೆನ್ನಿನ ಗಟ್ಟಿತನ, ಜೊತೆಗಾರನ ಉಸಿರಿಗೆ ತನ್ನ ಉಸಿರನ್ನು ಹೊಂದಿಸುವ ತಾಳ್ಮೆ. ಊರ ಗರಡಿಯಲ್ಲಿ ಒಬ್ಬನು ಮತ್ತೊಬ್ಬನನ್ನು ಕೆಡಹುವುದನ್ನು ಕಲಿಯುತ್ತಾನೆ. ದೋಣಿಯಲ್ಲಿ ಎಂಟು ಜನ ಒಬ್ಬರನ್ನೊಬ್ಬರು ಹೊತ್ತು ನಡೆಯುವುದನ್ನು ಕಲಿಯುತ್ತಾರೆ. ಯುವಕರಿಗೆ ಎರಡು ವಿದ್ಯೆಯೂ ಬೇಕು.

ಆದರೆ ನೀರು? ಈ ಪ್ರಶ್ನೆಯನ್ನು ಮರೆಮಾಚಿ ಮಾತನಾಡುವುದು ಸಲ್ಲದು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕೋಲಾರದ ಕೆರೆಗಳಲ್ಲಿ ಎಷ್ಟೋ ಹೂಳು ತುಂಬಿ, ಜಾಲಿ ಬೆಳೆದು, ವರ್ಷಗಟ್ಟಲೆ ಬತ್ತಿಹೋಗಿದ್ದುವು. ಕೊಳವೆ ಬಾವಿಗಳು ಸಾವಿರ ಅಡಿಗೂ ಕೆಳಗೆ ಇಳಿದಿದ್ದುವು. ೨೦೧೮ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಬಚ್ಚಲು ನೀರನ್ನು ಶುದ್ಧಮಾಡಿ ಕೊಳವೆಯಲ್ಲಿ ತಂದು ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಅಲ್ಲಿಂದ ಕೆರೆಯಿಂದ ಕೆರೆಗೆ, ಹಳೆಯ ಸರಪಣಿಯನ್ನೇ ಹಿಡಿದು, ಆ ನೀರು ಹರಿಯುತ್ತದೆ. ದಿನಕ್ಕೆ ೪೪ ಕೋಟಿ ಲೀಟರು ಎಂಬುದು ಯೋಜನೆಯ ಅಳತೆ. ಅಂತರ್ಜಲ ಮೇಲಕ್ಕೆ ಬಂದಿತೆಂದು ಸಂತೋಷಪಟ್ಟವರೂ, ಎರಡು ಹಂತದ ಶುದ್ಧಿ ಸಾಲದು, ಮೂರನೆಯ ಹಂತದ ಶುದ್ಧಿ ಆಗಲೇಬೇಕೆಂದು ಹೋರಾಡಿದವರೂ ಅದೇ ಜಿಲ್ಲೆಯ ರೈತರು. ೨೦೨೧ರ ನವೆಂಬರಿನ ಮಳೆಗೆ ಎಷ್ಟೋ ವರ್ಷಗಳ ಮೇಲೆ ಅನೇಕ ಕೆರೆಗಳು ಕೋಡಿ ಹರಿದುವು. ಕೆರೆ ತುಂಬಿದಾಗ ಬಾಗಿನ ಅರ್ಪಿಸುವ ಸಂಭ್ರಮದ ಜೊತೆಗೆ ಒಂದು ಭಯವೂ ಬರುತ್ತದೆ. ಒಣ ಕೆರೆಯನ್ನೇ ನೋಡಿ ಬೆಳೆದ ಮಕ್ಕಳಿಗೆ ಈಜು ಬಾರದು. ತುಂಬಿದ ಕೆರೆ ಅವರಿಗೆ ಗೊತ್ತಿಲ್ಲದ ಆಳ. ದೋಣಿಯ ಶಾಲೆ ಎಲ್ಲಿ ತೆರೆದರೂ ಮೊದಲನೆಯ ಪಾಠ ಈಜು. ಪದಕ ಬರಲಿ ಬಿಡಲಿ, ಆ ಒಂದು ಪಾಠದಿಂದಲೇ ಕೆಲವು ಮನೆಗಳ ದೀಪ ಉಳಿಯಬಹುದು.

ನೀರನ್ನು ಕಾಯದ ಕಡೆ ಏನಾಗುವುದೆಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. ಏಷ್ಯನ್ ಕ್ರೀಡೆಗಳಲ್ಲಿ ದೋಣಿಯ ಪಂದ್ಯ ಮೊದಲು ಸೇರಿದುದು ೧೯೮೨ರಲ್ಲಿ, ದೆಹಲಿಯ ಕೂಟದಲ್ಲಿ. ಅದು ನಡೆದುದು ಜಯಪುರದ ಬಳಿಯ ರಾಮಗಢದ ಕೆರೆಯಲ್ಲಿ. ಅಷ್ಟು ದೇಶಗಳ ದೋಣಿಗಳು ಸಾಲಾಗಿ ಓಡಿದ ಆ ಕೆರೆ, ನೀರು ಬರುವ ಹಾದಿಗಳೆಲ್ಲ ಕಟ್ಟಿಹೋದುದರಿಂದ, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಬತ್ತಿ ಬಯಲಾಯಿತು. ಅದೇ ಹೆಸರಿನ ಇನ್ನೊಂದು ಕೆರೆ ಉತ್ತರ ಪ್ರದೇಶದ ಗೋರಖಪುರದಲ್ಲಿದೆ. ವಿಶ್ವವಿದ್ಯಾನಿಲಯಗಳ ಖೇಲೋ ಇಂಡಿಯಾ ಕ್ರೀಡೆಗಳು ೨೦೨೨ರಲ್ಲಿ ಬೆಂಗಳೂರಿನಲ್ಲಿ ನಡೆದಾಗ ಅವುಗಳಲ್ಲಿ ದೋಣಿಗೆ ಎಡೆಯಿರಲಿಲ್ಲ. ಮರುವರ್ಷ ಉತ್ತರ ಪ್ರದೇಶದಲ್ಲಿ ನಡೆದಾಗ ಗೋರಖಪುರದ ಆ ರಾಮಗಢ ಕೆರೆಯಲ್ಲಿಯೇ ಮೊದಲ ಬಾರಿಗೆ ವಿದ್ಯಾರ್ಥಿಗಳ ದೋಣಿಗಳು ಓಡಿದುವು. ಒಂದು ರಾಮಗಢ ಒಣಗಿತು, ಇನ್ನೊಂದು ರಾಮಗಢಕ್ಕೆ ಆಟ ಬಂದಿತು. ಎರಡರ ಹೆಸರೂ ಒಂದೇ. ಕಾಯುವವರು ಇದ್ದರೆ ಇಲ್ಲವೆ ಎಂಬುದೇ ವ್ಯತ್ಯಾಸ.

ಸೇನೆಯ ದಾರಿಯನ್ನು ನಾವು ಹೊಗಳಿದೆವು. ಅದರ ಮಿತಿಯನ್ನೂ ಹೇಳಬೇಕು. ಸೇನೆಯೂ ಭಾರತ ಕ್ರೀಡಾ ಪ್ರಾಧಿಕಾರವೂ ಸೇರಿ ನಡೆಸುವ ಬಾಲಕರ ಕ್ರೀಡಾ ಕಂಪೆನಿಗಳು ಎಂಟರಿಂದ ಹದಿನಾಲ್ಕು ವಯಸ್ಸಿನ ಹುಡುಗರನ್ನು ಆರಿಸಿಕೊಂಡು, ಊಟ ವಸತಿ ವಿದ್ಯೆಗಳನ್ನು ಕೊಟ್ಟು, ಮುಂದೆ ಸೇನೆಗೆ ಸೇರಿಸಿಕೊಳ್ಳುತ್ತವೆ. ಬಡವರ ಮಕ್ಕಳಿಗೆ ಇದು ದೊಡ್ಡ ಆಸರೆ. ಆದರೆ ಸಿಪಾಯಿಯಾಗಲು ಮನಸ್ಸಿಲ್ಲದ ಹುಡುಗನಿಗೆ ಅಲ್ಲಿ ಎಡೆಯಿಲ್ಲ. ಹುಡುಗಿಯರಿಗೆ ಆ ಬಾಗಿಲು ಬಹುಕಾಲದವರೆಗೆ ಮುಚ್ಚಿಯೇ ಇದ್ದಿತು. ೨೦೧೦ರ ಏಷ್ಯನ್ ಕ್ರೀಡೆಗಳಲ್ಲಿ ಜೋಡಿ ದೋಣಿಯ ಪಂದ್ಯದಲ್ಲಿ ಕಂಚನ್ನು ಗೆದ್ದ ಒಡಿಶಾದ ಪ್ರತಿಮಾ ಪುಹಾನ, ಪ್ರಮೀಳಾ ಮಿಂಜ್ ಎಂಬ ತರುಣಿಯರು ಬೆಳೆದುದು ಕ್ರೀಡಾ ಪ್ರಾಧಿಕಾರದ ಆಶ್ರಯದಲ್ಲಿ. ಕೇರಳದಲ್ಲಿ ಆಲಪ್ಪುಳದ ಜಲಕ್ರೀಡಾ ಕೇಂದ್ರ ಆ ಸೀಮೆಯ ಹುಡುಗಿಯರಿಗೆ ಅಂಥ ಆಶ್ರಯವಾಗಿದೆ. ಕೋಲಾರದ ಹೆಣ್ಣುಮಗುವಿಗೆ ಹೀಗೆ ದಡದಲ್ಲಿ ನಿಂತು ಕರೆಯುವವರು ಯಾರು? ಆ ಕೆಲಸ ನಮ್ಮ ಕಾಲೇಜುಗಳದು.

ಕಾಲೇಜುಗಳಿಗೆ ಇದು ಅಸಾಧ್ಯವಾದ ಭಾರವಲ್ಲ. ನಮ್ಮ ನಾಡಿನಲ್ಲಿ ವೃತ್ತಿಶಿಕ್ಷಣದ ಕಾಲೇಜುಗಳ ಪ್ರವೇಶದಲ್ಲಿ ಕ್ರೀಡಾಪಟುಗಳಿಗೆ ಮೀಸಲಾದ ಸ್ಥಾನಗಳಿವೆ. ವಿಶ್ವವಿದ್ಯಾನಿಲಯಗಳ ನಡುವೆ ದೋಣಿಯ ಪಂದ್ಯಗಳೂ ನಡೆಯುತ್ತವೆ. ಆದರೆ ಪದಕವನ್ನು ತಂದವನಿಗೆ ಸ್ಥಾನ ಕೊಡುವುದು ಬೇರೆ, ಪದಕ ತರುವಂತೆ ಒಬ್ಬನನ್ನು ಬೆಳೆಸುವುದು ಬೇರೆ. ಆಕ್ಸ್‌ಫರ್ಡ್, ಹಾರ್ವರ್ಡುಗಳೂ ಪುಣೆಯ ಎಂಜಿನಿಯರಿಂಗ್ ಕಾಲೇಜೂ ಮಾಡಿದುದು ಎರಡನೆಯದನ್ನು. ನಾಲ್ಕು ದೋಣಿ, ನೆಲದ ಮೇಲೆ ಎಳೆಯುವ ಎರಡು ಯಂತ್ರ, ಈಜು ಕಲಿಸುವ ಒಬ್ಬ ಗುರು, ಪರೀಕ್ಷಿಸಿ ನಿರ್ಮಲವೆಂದು ಖಚಿತಪಡಿಸಿಕೊಂಡ ಒಂದು ಕೆರೆ: ಆರಂಭಕ್ಕೆ ಇಷ್ಟು ಸಾಕು. ಈ ಆಟದಲ್ಲಿ ತೀರ ಚಿಕ್ಕಂದಿನಿಂದಲೇ ಕಲಿತಿರಬೇಕೆಂಬ ನಿಯಮವಿಲ್ಲ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಮೊದಲು ಹುಟ್ಟು ಹಿಡಿದವರು ಲೋಕದ ಪಂದ್ಯಗಳಿಗೆ ಹೋಗಿದ್ದಾರೆಂಬುದನ್ನು ಆಗಲೇ ಕಂಡೆವು. ಹಳ್ಳಿಯ ಶಾಲೆಯಲ್ಲಿ ಯಾವ ಕ್ರೀಡಾ ಸೌಕರ್ಯವನ್ನೂ ಕಾಣದೆ ಕಾಲೇಜಿಗೆ ಬರುವ ಮಕ್ಕಳಿಗೆ ಇದಕ್ಕಿಂತ ಅನುಕೂಲವಾದ ಆಟ ಮತ್ತೊಂದಿಲ್ಲ.

ಕೆರೆಯೂ ಲಾಭ ಪಡೆಯುತ್ತದೆಂಬುದನ್ನು ಕೊನೆಗೆ ಹೇಳಬೇಕು. ಏತ ಹೋಗಿ ಕೊಳವೆ ಬಾವಿ ಬಂದ ಮೇಲೆ ರೈತನ ಕಣ್ಣು ಕೆರೆಯ ಮೇಲಿನಿಂದ ಸರಿಯಿತು. ಕಣ್ಣು ಸರಿದಲ್ಲಿ ಒತ್ತುವರಿ ಬಂದಿತು. ಪ್ರತಿದಿನ ಬೆಳಗ್ಗೆ ಇಪ್ಪತ್ತು ಮಕ್ಕಳು ಇಳಿಯುವ ಕೆರೆಗೆ ಕಸ ಸುರಿಯುವುದು, ಕಾಲುವೆ ಮುಚ್ಚುವುದು ಅಷ್ಟು ಸುಲಭವಲ್ಲ. ನೀರು ಮೈಗೆ ತಾಗುವುದಾದರೆ ಅದು ಶುದ್ಧವಾಗಿದೆಯೆ ಎಂದು ಕೇಳುವ ತಾಯಿತಂದೆಗಳು ಹುಟ್ಟಿಕೊಳ್ಳುತ್ತಾರೆ. ಮೂರನೆಯ ಹಂತದ ಶುದ್ಧಿ ಬೇಕೆಂಬ ರೈತರ ಮಾತಿಗೆ ಅವರ ದನಿಯೂ ಸೇರುತ್ತದೆ. ಹಿಂದೆ ನೀರಗಂಟಿ ಮಾಡುತ್ತಿದ್ದ ಕಾವಲನ್ನು ಮುಂದೆ ವಿದ್ಯಾರ್ಥಿ ಮಾಡಬಹುದು.

ನಂಗಲಿಯಿಂದ ಹಲಸೂರಿಗೆ ನೂರು ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟ ದೂರ. ದಾರಿ ಒಂದೇ, ನೆಟ್ಟಗಿನದು. ಆ ದಾರಿಯಲ್ಲಿ ಚೋಳರು ಬಂದರು, ಹೊಯ್ಸಳರು ಹೋದರು, ಕಾರ್ನ್‌ವಾಲಿಸನ ದಂಡು ನಡೆಯಿತು. ಇಂದು ಹುಡುಗರು ಕೆಲಸ ಹುಡುಕಿ ಮುಂಜಾನೆಯ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಅವರಲ್ಲಿ ನಾಲ್ಕು ಜನ ಹುಡುಗರು, ನಾಲ್ಕು ಜನ ಹುಡುಗಿಯರು ಕಾಲೇಜಿನ ದೋಣಿಯಲ್ಲಿ ಕೂರುವುದಕ್ಕಾಗಿ ಹೋಗುವಂತಾದರೆ ಸಾಕು. ಆಮೇಲೆ ಬೇತಮಂಗಲದ ನೀರಿನ ಮೇಲೆಯೂ ಒಂದು ದೋಣಿ ಇಳಿಯುವುದು ತಡವಾಗಲಾರದು.